ಸುಮ್ಮನಿರುವುದಕ್ಕೂ ತಯಾರಿ ಬೇಕು

ಹಂಗಳದಲ್ಲಿರುವ ನಮ್ಮ ಸೋದರಮಾವನ ಮನೆಯಲ್ಲಿ ಟಿ.ವಿ.ಗೆ ಒಂದು ಹಳೆಯ ಕಂಪ್ಯೂಟರ್ ಜೋಡಿಸಿದ್ದಾರೆ. ಅವರು ಕೂಡಿಟ್ಟ ಕನ್ನಡ ಚಿತ್ರಗಳೆಲ್ಲ ಅದರಲ್ಲಿವೆ. ‘ಬಂಗಾರದ ಮನುಷ್ಯ’ದಂಥ ಉದ್ದನೆಯ ಚಿತ್ರ ಹಾಕಿದರೂ ಕೊನೆಯವರೆಗೆ ಒಮ್ಮೆಯೂ ತಡವರಿಸುವುದಿಲ್ಲ. ಚಿತ್ರ ಮುಗಿದು, ಊಟ ಮಾಡಿ ಬಂದು ನೋಡಿದರೆ ಮಾತ್ರ ಪರದೆ ಇದ್ದಲ್ಲೇ ಇರುತ್ತದೆ. ರಿಮೋಟ್ ಒತ್ತಿದರೂ ಇಲ್ಲ, ಮೌಸ್ ಆಡಿಸಿದರೂ ಇಲ್ಲ. “ಪಿಚ್ಚರ್ ಓಡೋಗಂಟ ಏನೂ ಆಗದಿಲ್ಲ ಕಣಪ್ಪ, ಸುಮ್ನ ಬುಟ್ಟು ಎದ್ದೋದ್ರೆ ಹಂಗೇ ನಿಂತ್ಕತದ” ಎಂದರು ಮಾವ.

ಪೇಟೆಯ ಅಂಗಡಿಗೆ ಒಯ್ದಾಗ ಧೂಳು ಊದಿ, ರ್‍ಯಾಮ್ ಉಜ್ಜಿ ಹಾಕಿ, ಫಾರ್ಮ್ಯಾಟ್ ಮಾಡಿ ಕೊಟ್ಟಿದ್ದರು. ಅಲ್ಲೇ ಒಂದು ಚಿತ್ರ ಹಾಕಿ ತೋರಿಸಿದರು, ಚೆನ್ನಾಗಿಯೇ ಓಡಿತು. ಓಡುವಾಗ ಅದಕ್ಕೆ ಕಾಯಿಲೆಯೇ ಇರಲಿಲ್ಲವಲ್ಲ! ಧೂಳು, ಬಿಸಿಗಳಿಂದ ಕೆಡುವ ಯಂತ್ರ ಸಾಮಾನ್ಯವಾಗಿ ಮೈಮುರಿದು ದುಡಿಯುವಾಗ ಕೆಡುತ್ತದೆ. ಬಿಡುವಿನಲ್ಲಿ ಕೆಡುವುದರ ಕಾರಣವನ್ನು ಬಿಡುವಿನಲ್ಲೇ ಹುಡುಕಬೇಕು.

ಹುಡುಕುವ ದಾರಿ ಸರಳ, ಬೇಕಾಗಿರುವುದು ತಾಳ್ಮೆ. ಮೊದಲು ನೋಡಬೇಕಾದದ್ದು ಪರದೆಯ ಮೂಲೆಯ ಗಡಿಯಾರ. ಅದು 8:40ಕ್ಕೇ ನಿಂತಿದೆ, ಗೋಡೆಯ ಗಡಿಯಾರದಲ್ಲಿ ಒಂಬತ್ತೂವರೆ ಎಂದರೆ ಯಂತ್ರ ನಿಂತ ಗಳಿಗೆ ಗೊತ್ತಾಯಿತು. ಆಮೇಲೆ ಕೀಬೋರ್ಡಿನ ಕ್ಯಾಪ್ಸ್ ಲಾಕ್ ಒತ್ತಬೇಕು. ಅದರ ಪುಟ್ಟ ದೀಪ ಹೊತ್ತಿ ಆರಿದರೆ ಒಳಗೆ ಜೀವವಿದೆ, ಟಿ.ವಿ.ಗೆ ಚಿತ್ರ ಹೋಗುವ ದಾರಿಯಲ್ಲೋ ಮತ್ತೆಲ್ಲೋ ತೊಡಕು ಎಂದರ್ಥ. ಮಾವನ ಮನೆಯಲ್ಲಿ ದೀಪ ಅಲುಗಲಿಲ್ಲ. ಇಡೀ ಯಂತ್ರವೇ ನಿಂತಿತ್ತು. ಮತ್ತೆ ಆನ್ ಮಾಡಿದ ಮೇಲೆ ವಿಂಡೋಸ್‌ನ ಇವೆಂಟ್ ವ್ಯೂವರ್‌ನಲ್ಲಿ ‘ಕರ್ನಲ್ ಪವರ್ 41’ ಎಂಬ ದಾಖಲೆ ಸಿಕ್ಕಿತು. ಸರಿಯಾಗಿ ಆಫ್ ಆಗದೆ ಯಂತ್ರ ನಿಂತಿತ್ತು ಎಂಬುದನ್ನಷ್ಟೇ ಅದು ಹೇಳುತ್ತದೆ. ಯಾಕೆ ಎಂಬುದನ್ನು ನಾವೇ ಕಂಡುಕೊಳ್ಳಬೇಕು.

ಇಲ್ಲಿ ಅವಸರ ಮಾಡಿದರೆ ಕೆಟ್ಟೆವು. ಸೆಟ್ಟಿಂಗ್‌ಗಳನ್ನೆಲ್ಲ ಒಟ್ಟಿಗೆ ಬದಲಿಸಿದರೆ ಯಾವುದರಿಂದ ಗುಣವಾಯಿತು ಎಂದು ತಿಳಿಯುವುದೇ ಇಲ್ಲ. ಒಂದು ಬದಲಿಸಬೇಕು, ಯಂತ್ರವನ್ನು ಅದರ ಪಾಡಿಗೆ ಬಿಡಬೇಕು, ಕಾಯಬೇಕು. ಸ್ಲೀಪ್ ನಿಲ್ಲಿಸಿ ನೋಡಿದ್ದಾಯಿತು, ಹಾರ್ಡ್ ಡಿಸ್ಕ್ ಮಲಗದಂತೆ ಮಾಡಿದ್ದಾಯಿತು, ಎರಡಕ್ಕೂ ಬಗ್ಗಲಿಲ್ಲ. ಕೊನೆಗೆ ಬಯಾಸ್‌ಗೆ ಹೋಗಿ ಪ್ರೊಸೆಸರ್‌ನ ಆಳದ ‘ಸಿ-ಸ್ಟೇಟ್’ಗಳನ್ನು ಬಂದ್ ಮಾಡಿದಾಗ ತೊಂದರೆ ನಿಂತಿತು.

ಕೆಲಸವಿಲ್ಲದಾಗ ಪ್ರೊಸೆಸರ್ ತನ್ನ ಒಂದೊಂದೇ ಭಾಗವನ್ನು ಆರಿಸುತ್ತ ಹಂತಹಂತವಾಗಿ ವಿಶ್ರಾಂತಿಗೆ ಇಳಿಯುತ್ತದೆ. ಆ ಹಂತಗಳೇ ಸಿ-ಸ್ಟೇಟ್. ಎಷ್ಟು ಆಳಕ್ಕಿಳಿದರೆ ಅಷ್ಟು ಕಡಿಮೆ ಕರೆಂಟ್ ಸಾಕು. 2013ರಲ್ಲಿ ಬಂದ ಇಂಟೆಲ್‌ನ ಹ್ಯಾಸ್‌ವೆಲ್ ಪ್ರೊಸೆಸರ್‌ಗಳು ತೀರಾ ಆಳದ ವಿಶ್ರಾಂತಿಯಲ್ಲಿ 12 ವೋಲ್ಟ್ ತಂತಿಯಿಂದ ಕೇವಲ 0.05 ಆಂಪಿಯರ್ ಎಳೆಯುವಂಥವು. ಕಂಪ್ಯೂಟರಿನ ಭಾಗಗಳಿಗೆ ಕರೆಂಟ್ ಒದಗಿಸುವ, ಹಳೆಯ ಮಾನದಂಡದ ಎಸ್‌ಎಂಪಿಎಸ್‌ಗಳಿಗೋ ಕಡೇಪಕ್ಷ 0.5 ಆಂಪಿಯರ್ ಹೊರೆ ಬೇಕಿತ್ತು. ಹತ್ತರಲ್ಲಿ ಒಂದು ಪಾಲಿಗೆ ಹೊರೆ ಇಳಿದಾಗ ಹಳೆಯ ಎಸ್‌ಎಂಪಿಎಸ್ ಸ್ಥಿರವಾಗಿ ವೋಲ್ಟೇಜ್ ಕೊಡುತ್ತದೆಂಬ ಭರವಸೆಯಿಲ್ಲ. 2017ರ ಎಎಂಡಿ ರೈಜನ್‌ಗಳಲ್ಲೂ ಬಿಡುವಿನಲ್ಲಿ ನಿಲ್ಲುವ ತೊಂದರೆ ಕಾಣಿಸಿಕೊಂಡು, ವಿಶ್ರಾಂತಿಯಲ್ಲೂ ಒಂದಷ್ಟು ಕರೆಂಟ್ ಎಳೆಯುತ್ತಲೇ ಇರುವ ಆಯ್ಕೆಯನ್ನು ಬಯಾಸ್‌ನಲ್ಲಿ ಕೊಡಬೇಕಾಯಿತು. ಹೆಚ್ಚು ಬೇಡಿದಾಗ ಕೊಡಲಾರದೆ ಸೋಲುವುದು ನಮಗೆ ಗೊತ್ತು. ತೀರಾ ಕಡಿಮೆ ಬೇಡಿದಾಗಲೂ ಸೋಲಬಹುದು ಎಂಬುದು ನಮ್ಮ ಲೆಕ್ಕದಲ್ಲಿರುವುದಿಲ್ಲ. ಸಿ-ಸ್ಟೇಟ್ ಬಂದ್ ಮಾಡಿದ್ದರಿಂದ ಕರೆಂಟ್ ಖರ್ಚು ತುಸು ಹೆಚ್ಚಾಗುತ್ತದೆ. ಹಳೆಯ ಎಸ್‌ಎಂಪಿಎಸ್ ತೆಗೆದು ಒಳ್ಳೆಯದೊಂದನ್ನು ಹಾಕಿಸುವುದೇ ಈ ಕಾಯಿಲೆಗೆ ಸರಿಯಾದ ಮದ್ದು.

ವಿಶ್ರಾಂತಿ ಎಂದರೆ ಏನೂ ಮಾಡದಿರುವುದು ಎಂದುಕೊಳ್ಳುತ್ತೇವೆ. ಯಂತ್ರ ಮಾಡಿದವರು ಹಾಗೆ ಅಂದುಕೊಳ್ಳಲಿಲ್ಲ. ಕಂಪ್ಯೂಟರ್ ಹೇಗೆ ಮಲಗಬೇಕು, ಹೇಗೆ ಏಳಬೇಕು ಎಂಬುದಕ್ಕೆಂದೇ ಇಂಟೆಲ್, ಮೈಕ್ರೋಸಾಫ್ಟ್, ತೋಷಿಬಾ ಸೇರಿ 1996ರಲ್ಲಿ ಎಸಿಪಿಐ ಎಂಬ ಮಾನದಂಡವನ್ನೇ ತಂದರು. ನಿದ್ದೆಯಲ್ಲಿರುವ ಕಂಪ್ಯೂಟರಿನಲ್ಲೂ ರ್‍ಯಾಮ್‌ಗೆ ಕರೆಂಟ್ ಹರಿಯುತ್ತಿರಬೇಕು, ಇಲ್ಲದಿದ್ದರೆ ಎದ್ದಾಗ ಎಲ್ಲವೂ ಮರೆತಿರುತ್ತದೆ. ಎಬ್ಬಿಸುವ ಕರೆಗೆ ಒಂದು ಕಿವಿ ತೆರೆದಿರಲೇಬೇಕು.

ಹಂಗಳದವರಿಗೆ ಇದನ್ನು ಬಿಡಿಸಿ ಹೇಳಬೇಕಿಲ್ಲ. ಅವರೂರನ್ನು ಹಾದು ಬಂಡೀಪುರದೊಳಗೆ ಸಾಗುವ ಊಟಿ ರಸ್ತೆ ರಾತ್ರಿ ಒಂಬತ್ತಕ್ಕೆ ಮಲಗಿ ಬೆಳಗ್ಗೆ ಆರಕ್ಕೆ ಏಳುತ್ತದೆ. 2009ರಲ್ಲಿ ಚಾಮರಾಜನಗರ ಜಿಲ್ಲಾಡಳಿತ ರಾತ್ರಿ ಸಂಚಾರ ನಿಲ್ಲಿಸಿತು. 2010ರಲ್ಲಿ ಹೈಕೋರ್ಟ್ ಅದನ್ನು ಎತ್ತಿಹಿಡಿಯಿತು. ಬರೇ ‘ಹೋಗಬೇಡಿ’ ಎಂದು ಫಲಕ ನೆಟ್ಟಿದ್ದರೆ ರಸ್ತೆಗೆ ನಿದ್ದೆ ಬರುತ್ತಿತ್ತೇ? ಚೆಕ್‌ಪೋಸ್ಟ್ ಬೇಕಾಯಿತು, ಗೇಟ್ ಬೇಕಾಯಿತು, ರಾತ್ರಿಯಿಡೀ ಎಚ್ಚರವಿರುವ ಸಿಬ್ಬಂದಿ ಬೇಕಾಯಿತು. ಆಂಬುಲೆನ್ಸ್ ಬಂದರೆ ಗೇಟ್ ತೆರೆಯಬೇಕು, ಗೊತ್ತುಪಡಿಸಿದ ಕೆಲವು ಬಸ್ಸುಗಳಿಗೆ ದಾರಿ ಬಿಡಬೇಕು. ಆನೆ, ಜಿಂಕೆಗಳು ನಿರ್ಭಯವಾಗಿ ರಸ್ತೆ ದಾಟುವುದರ ಹಿಂದೆ ಇಷ್ಟು ಏರ್ಪಾಡಿದೆ.

ಮನುಷ್ಯರ ವಿಷಯದಲ್ಲಿ ಮಾತ್ರ ನಾವು ಈ ಏರ್ಪಾಡು ಮಾಡುವುದಿಲ್ಲ. ಮಕ್ಕಳನ್ನು ದುಡಿಮೆಗೆ ಅಣಿಗೊಳಿಸಲು ವರ್ಷಗಟ್ಟಲೆ ಶಾಲೆ, ಕಾಲೇಜು, ತರಬೇತಿ. ದುಡಿಮೆ ನಿಲ್ಲಿಸುವುದಕ್ಕೆ ಒಂದು ದಿನದ ಪಾಠವೂ ಇಲ್ಲ. ಅರವತ್ತಾಯಿತು, ಒಂದು ಹಾರ, ಒಂದು ಶಾಲು, ನಾಳೆಯಿಂದ ಆರಾಮಾಗಿರಿ! ಮೂವತ್ತು ವರ್ಷ ಒಂದೇ ಸಮ ಹೊರೆ ಹೊತ್ತ ಜೀವದಿಂದ ಹೊರೆಯನ್ನೆಲ್ಲ ಒಮ್ಮೆಲೇ ಇಳಿಸಿದರೆ ಅದು ತಡೆದುಕೊಳ್ಳುತ್ತದೆಯೇ ಎಂದು ಯಾರೂ ಯೋಚಿಸುವುದಿಲ್ಲ. ಸಾಲು ಹೊಡೆದು, ಚೆಂಡುಹೂ ಬಿಡಿಸಿ ಬೆಳೆದ ಕೈಗಳಿಗೂ ಅಷ್ಟೇ. ಮಕ್ಕಳು ಪ್ರೀತಿಯಿಂದಲೇ “ಇನ್ನು ಹೊಲಕ್ಕೆ ಬರಬೇಡಿ ಅಪ್ಪ” ಎನ್ನುತ್ತಾರೆ. ಆ ಪ್ರೀತಿ ಸಾಲದು. ಬಿಡುವಿನಲ್ಲೂ ಅವರಿಗೊಂದಿಷ್ಟು ಕರ್ತವ್ಯ ಉಳಿಯಬೇಕು, ಮನೆಯ ಮಾತುಕತೆಯಲ್ಲಿ ಪಾಲಿರಬೇಕು, ಯಾರಾದರೂ ದಿನಕ್ಕೊಮ್ಮೆ ಏನನ್ನಾದರೂ ಕೇಳಿ ಬರುತ್ತಿರಬೇಕು.

ನಿಮ್ಮ ಮನೆಯಲ್ಲೂ ಈಚೆಗೆ ಕೆಲಸ ಬಿಟ್ಟ ಹಿರಿಯರಿದ್ದಾರೆಯೇ? ಆರೋಗ್ಯ ಹೇಗಿದೆ ಎಂದು ಕೇಳಿ ಸುಮ್ಮನಾಗಬೇಡಿ; ದಿನ ಹೇಗೆ ಕಳೆಯುತ್ತಿದೆ ಎಂದೂ ಕೇಳಿ. ಒಂದು ಸಣ್ಣ ಕೆಲಸವನ್ನು ಅವರಿಗೇ ಬಿಡಿ, ಅದು ಹೊಲದ ನೀರಿನ ಪಾಳಿಯ ಲೆಕ್ಕವಾಗಲಿ, ಮೊಮ್ಮಗುವಿನ ಮಗ್ಗಿಯಾಗಲಿ. ಬಿಟ್ಟ ಮೇಲೆ ನಡುವೆ ಕೈ ಹಾಕಬೇಡಿ.