ಇಳಿಜಾರಿನ ಲೆಕ್ಕ

ವಿಕಾರಾಬಾದಿನ ಅನಂತಗಿರಿ ಬೆಟ್ಟಗಳ ಮೇಲೆ ಬಿದ್ದ ಮಳೆ ಎರಡು ಪಾಲಾಗುತ್ತದೆ. ಪೂರ್ವಕ್ಕೆ ಹರಿದದ್ದು ಮೂಸಿಯಾಗಿ ಹೈದರಾಬಾದನ್ನು ಸೀಳಿಕೊಂಡು ಹೋಗಿ, ನಲ್ಗೊಂಡ ಜಿಲ್ಲೆಯ ವಾಡಪಲ್ಲಿಯಲ್ಲಿ ಕೃಷ್ಣೆಯನ್ನು ಸೇರುತ್ತದೆ. ಪಶ್ಚಿಮಕ್ಕೆ ಇಳಿದದ್ದು ತಾಂಡೂರು ಹಾದು, ಗಡಿ ದಾಟಿ, ನಮ್ಮ ಕಾಗಿಣಾ ಆಗಿ, ಸೇಡಂ ತಾಲೂಕಿನ ಮಳಖೇಡವನ್ನು ಮುಟ್ಟಿ ಭೀಮೆಗೆ ಬೀಳುತ್ತದೆ. ಭೀಮೆಯ ಜೊತೆ ಅದೂ ಕೊನೆಗೆ ಕೃಷ್ಣೆಗೇ. ಮಳಖೇಡವೆಂದರೆ ರಾಷ್ಟ್ರಕೂಟರ ಮಾನ್ಯಖೇಟ, ನೃಪತುಂಗನ ರಾಜಧಾನಿ. ಹೈದರಾಬಾದಿನ ಕಾಚಿಗುಡದಲ್ಲಿ ಕನ್ನಡಿಗರು ಕಟ್ಟಿದ ಶಾಲೆಗೂ ಆ ದೊರೆಯದೇ ಹೆಸರು. ಶಾಲೆಯಿರುವ ಊರಿನ ಹೊಳೆಗೂ ದೊರೆಯ ಊರಿನ ಹೊಳೆಗೂ ಬೆಟ್ಟ ಒಂದೇ.

ನಕ್ಷೆ ಬಿಡಿಸಿದರೆ ಇದು ಯಾರಿಗಾದರೂ ತಿಳಿದೀತು. ಆದರೆ ಗುಡ್ಡದ ನೆತ್ತಿಯ ಕಾಲುದಾರಿಯಲ್ಲಿ ದಪ್ಪ ಟೈರಿನ ಸೈಕಲ್ ತುಳಿಯುವವರಿಗೆ ತೊಡೆಯೇ ಹೇಳುತ್ತದೆ. ಏದುಸಿರು ಬಿಡುತ್ತ ಹತ್ತಿದ ದಾರಿ ಒಂದು ಕಡೆ ಥಟ್ಟನೆ ಹಗುರಾಗುತ್ತದೆ, ಗೇರ್ ಬದಲಿಸಲು ಬೆರಳು ತಾನಾಗಿ ಏಳುತ್ತದೆ. ಒಂದು ಜಲಾನಯನ ಮುಗಿದು ಇನ್ನೊಂದು ಶುರುವಾಗುವುದು ಅಲ್ಲಿ. ಗುರುತಿಗೆ ಒಂದು ಕಲ್ಲೂ ಇಲ್ಲ. ಮುತ್ತುಗ, ತೇಗ, ಸೀತಾಫಲದ ಪೊದೆ ಆಚೆಗೂ ಈಚೆಗೂ ಒಂದೇ ಥರ ಬೆಳೆದಿರುತ್ತವೆ. ಕಾರಿನಲ್ಲಿ ಬಂದು ಅನಂತಪದ್ಮನಾಭನ ದರ್ಶನ ಮಾಡಿಕೊಂಡು, ಜೋಳದ ತೆನೆ ಸುಲಿದು ತಿಂದು ಹೋಗುವವರಿಗೆ ಏರೂ ಇಳಿತವೂ ಎಂಜಿನ್ನಿನ ಪಾಡು.

ಹೈದರಾಬಾದಿನಲ್ಲಿ ಗುಡ್ಡ ಹತ್ತುವ ಸೈಕಲ್ಲಿಗೆ ಎರಡು ಬಗೆಯ ನೆಲ ಸಿಗುತ್ತದೆ. ಊರಿನೊಳಗೂ ಅಂಚಿನಲ್ಲೂ ಇರುವುದು ಗ್ರಾನೈಟ್, ಸುಮಾರು 250 ಕೋಟಿ ವರ್ಷ ಹಳೆಯದು. ಬಂಡೆಯ ಮೈಯ ಮೇಲೆ ಟೈರು ಚೆನ್ನಾಗಿ ಕಚ್ಚುತ್ತದೆ, ಬಂಡೆ ಉದುರಿಸಿದ ಮೊರಂ ಮೇಲೆ ಮಾತ್ರ ಜಾರಿಸುತ್ತದೆ. ವಿಕಾರಾಬಾದಿನ ಕಡೆ ಹೋದಂತೆ ಕೆಂಪು ಮುರಕಲ್ಲು ಬರುತ್ತದೆ. ಅದರ ಗುಂಡುಗುಂಡಾದ ಹರಳುಗಳ ಮೇಲೆ ಮುಂದಿನ ಬ್ರೇಕ್ ಗಟ್ಟಿಯಾಗಿ ಹಿಡಿದರೆ ಮುಗಿಯಿತು. ಮಳೆಗಾಲದಲ್ಲಿ ಅದೇ ಮಣ್ಣು ಚಕ್ರಕ್ಕೆ ಮೆತ್ತಿಕೊಂಡು ಸೈಕಲ್ಲಿನ ತೂಕವನ್ನೇ ಹೆಚ್ಚಿಸುತ್ತದೆ. ಅಲ್ಲಿಗೆ ಹೋಗುವ ರಸ್ತೆ ವಿಜಯಪುರದ ಹೆದ್ದಾರಿ. ಚೇವೆಳ್ಳದ ಆಸುಪಾಸಿನಲ್ಲಿ ಅದರ ಎರಡೂ ಬದಿಗೆ ಒಂಬತ್ತು ನೂರರಷ್ಟು ಆಲದ ಮರಗಳಿವೆ. ರಸ್ತೆ ಅಗಲ ಮಾಡುವಾಗ ಅವನ್ನು ಉಳಿಸಲು ಜನ ಹಸಿರು ನ್ಯಾಯಮಂಡಳಿಯವರೆಗೂ ಹೋಗಬೇಕಾಯಿತು.

ಗುಡ್ಡದ ಸೈಕಲ್ಲಿನ ಈ ಆಟ ಹುಟ್ಟಿದ್ದು ಕ್ಯಾಲಿಫೋರ್ನಿಯಾದ ಮರಿನ್ ಕೌಂಟಿಯ ಬೆಟ್ಟಗಳಲ್ಲಿ. 1976ರಲ್ಲಿ ಅಲ್ಲಿನ ಹುಡುಗರು ಹಳೇ ಸೈಕಲ್ಲುಗಳಲ್ಲಿ ಕಡಿದಾದ ದಾರಿಯಲ್ಲಿ ಪಂದ್ಯ ಹೂಡಿದರು. ಒಂದೇ ಇಳಿತದಲ್ಲಿ ಹಿಂದಿನ ಹಬ್ಬಿನ ಬ್ರೇಕ್ ಕಾದು ಒಳಗಿನ ಗ್ರೀಸ್ ಹೊಗೆಯಾಗುತ್ತಿತ್ತು, ಮತ್ತೆ ಹೊಸ ಗ್ರೀಸ್ ತುಂಬಬೇಕು. ಆ ಪಂದ್ಯಕ್ಕೆ ‘ರೀಪ್ಯಾಕ್’ ಎಂಬ ಹೆಸರು ಬಂದದ್ದೇ ಹಾಗೆ. ಇಪ್ಪತ್ತು ವರ್ಷಕ್ಕೆ, 1996ರ ಅಟ್ಲಾಂಟಾದಲ್ಲಿ, ಈ ಆಟ ಒಲಿಂಪಿಕ್ಸ್ ಹೊಕ್ಕಿತು.

ನೇರ ಇಳಿಯುವ ಆಸೆ ಎಲ್ಲರಿಗೂ ಇದೆ, ನನಗೂ ಇದೆ. ತೊಂದರೆ ಏನೆಂದರೆ ನೀರಿಗೂ ಅದೇ ಆಸೆ. ಸೈಕಲ್ ನೇರ ಇಳಿದ ಕಡೆ ಹುಲ್ಲು ಕಿತ್ತು ಬರುತ್ತದೆ, ಬ್ರೇಕ್ ಎಳೆದಲ್ಲಿ ಗೀರು ಬೀಳುತ್ತದೆ. ಮುಂದಿನ ಮಳೆಗೆ ಆ ಗೀರೇ ಕಾಲುವೆ. ಎರಡು ಮಳೆಗಾಲ ಕಳೆದರೆ ಮೊಣಕಾಲುದ್ದದ ಕೊರಕಲು. ಆಮೇಲೆ ಸವಾರರು ಅದರ ಪಕ್ಕದಲ್ಲಿ ಇನ್ನೊಂದು ದಾರಿ ಮಾಡಿಕೊಳ್ಳುತ್ತಾರೆ, ಕೊರಕಲಿಗೆ ಜೊತೆಗಾರ ಸಿಗುತ್ತಾನೆ. ಆದ್ದರಿಂದ ಟ್ರೇಲ್ ಕಟ್ಟುವವರಲ್ಲಿ ‘ಅರ್ಧದ ನಿಯಮ’ ಎಂಬುದೊಂದಿದೆ: ಹಾದಿಯ ಇಳಿಜಾರು ಅದು ಸಾಗುವ ಗುಡ್ಡದ ಇಳಿಜಾರಿನ ಅರ್ಧವನ್ನು ಮೀರಬಾರದು. ಆಗ ಮೇಲಿನಿಂದ ಬಂದ ನೀರು ಹಾದಿಯನ್ನು ಅಡ್ಡ ದಾಟಿ ಕೆಳಗಿನ ಹುಲ್ಲಿಗೆ ಹೋಗುತ್ತದೆ. ಹಾದಿಯನ್ನೇ ತನ್ನದು ಮಾಡಿಕೊಳ್ಳುವುದಿಲ್ಲ. ಇದರ ಜೊತೆಗೆ, ಒಟ್ಟು ದಾರಿಯ ಸರಾಸರಿ ಇಳಿಜಾರು ನೂರಕ್ಕೆ ಹತ್ತರ ಆಸುಪಾಸು ಇದ್ದರೆ ಚೆನ್ನ.

ಅನಂತಗಿರಿಯ ಹಾದಿಗಳನ್ನು ಸೈಕಲ್ಲಿನವರು ಮಾಡಿದ್ದಲ್ಲ. ಕುರಿ, ಆಡು, ಸೌದೆ ಹೊರೆ ಹೊತ್ತ ಹೆಂಗಸರು ಸವೆಸಿದ ಹಾದಿಗಳವು. ಗಮನಿಸಿ ನೋಡಿದರೆ ಅವು ಗುಡ್ಡದ ಮೈಗೆ ಓರೆಯಾಗಿಯೇ ಸಾಗುತ್ತವೆ. ಹೊರೆ ಹೊತ್ತವರು ನೇರ ಇಳಿಯಲಾರರು. ಮೇಯುತ್ತ ಹೋಗುವ ಮಂದೆಗೆ ಅವಸರವಿಲ್ಲ. ಪುಸ್ತಕದ ನಿಯಮ ಕುರಿಯ ಕಾಲಿನಲ್ಲಿ ಮೊದಲೇ ಇತ್ತು. ಅದನ್ನು ಕೆಡಿಸುವವರು, ಆ ತಿರುವುಗಳು ಬೇಸರವೆಂದು ಅಡ್ಡ ನುಗ್ಗುವ ನಮ್ಮಂಥ ಭಾನುವಾರದ ಸವಾರರು. ನಮಗಿಂತ ಹೆಚ್ಚು ಕೆಡಿಸುವವರು ಜೀಪು, ಮೋಟಾರ್ ಬೈಕುಗಳಲ್ಲಿ ಬರುವವರು.

ಇಲ್ಲಿ ನನಗೆ ವಿಶ್ವೇಶ್ವರಯ್ಯನವರ ನೆನಪು ಬರುತ್ತದೆ. 1908ರ ಸೆಪ್ಟೆಂಬರ್ 28ರಂದು ಮೂಸಿ ಹೈದರಾಬಾದಿನೊಳಗೆ ನುಗ್ಗಿ ಸಾವಿರಾರು ಜನರನ್ನು ಕೊಂಡೊಯ್ದಿತು. ಮರುವರ್ಷ ನಿಜಾಮರ ಸರ್ಕಾರ ವಿಶ್ವೇಶ್ವರಯ್ಯನವರನ್ನು ಕರೆಸಿಕೊಂಡಿತು. ಮುಳುಗಿದ್ದು ನಗರ, ಅವರು ಲೆಕ್ಕ ಹಾಕಿದ್ದು ನಗರದ ಮೇಲಿನ ಇಳಿಜಾರನ್ನು. ಮೂಸಿಯ ಜಲಾನಯನದಲ್ಲಿ ಆಗ 788 ಕೆರೆಗಳಿದ್ದವು, ಹೆಚ್ಚುಕಡಿಮೆ ಚದರ ಮೈಲಿಗೊಂದು. ಆ ಮಳೆಗೆ 221 ಒಡೆದಿದ್ದವು. ಒಂದು ಒಡೆದ ನೀರು ಕೆಳಗಿನ ಇನ್ನೊಂದನ್ನು ಒಡೆಯುತ್ತ ಬಂದಿತ್ತು. ನೀರನ್ನು ಊರಿನಿಂದಾಚೆಗೆ ಬೇಗ ಸಾಗಿಸುವುದಕ್ಕಿಂತ ಊರಿಗಿಂತ ಮೇಲೆಯೇ ತಡೆದು ನಿಧಾನಿಸುವುದೇ ಸರಿ ಎಂದು ಅವರು ತೀರ್ಮಾನಿಸಿದರು. ಮೂಸಿಯ ಮೇಲೆ ಉಸ್ಮಾನ್ ಸಾಗರ 1920ರಲ್ಲಿ, ಅದರ ಉಪನದಿ ಈಸಿಯ ಮೇಲೆ ಹಿಮಾಯತ್ ಸಾಗರ 1927ರಲ್ಲಿ ಮುಗಿದವು. ಅಣೆಕಟ್ಟೆಗೂ ಕಾಲುದಾರಿಗೂ ಅಳತೆಯಲ್ಲಿ ಅಜಗಜಾಂತರ. ಆದರೆ ಎರಡೂ ಬಾಳಿಕೆ ಬರುವುದು ಇಳಿತದ ಅವಸರಕ್ಕೆ ಒಪ್ಪದಿದ್ದಾಗ. ಹಾದಿಯಲ್ಲಿ ಬ್ರೇಕ್ ಹಿಡಿದು ಹಿಡಿದು ಮುಂಗೈ ಸೋತಾಗ ನನಗೆ ಆ ಎಂಜಿನಿಯರರ ಲೆಕ್ಕ ಓದಿದ್ದಕ್ಕಿಂತ ಚೆನ್ನಾಗಿ ಅರ್ಥವಾಯಿತು.

ಈಗಿನ ಹೈದರಾಬಾದ್ ಆ ಲೆಕ್ಕವನ್ನು ಇಷ್ಟಿಷ್ಟೇ ಅಳಿಸುತ್ತಿದೆ. ಎರಡು ಸಾಗರಗಳ ಸುತ್ತ ಹತ್ತು ಕಿಲೋಮೀಟರ್ ಒಳಗಿನ 84 ಹಳ್ಳಿಗಳಲ್ಲಿ ಕಟ್ಟಡಗಳಿಗೆ ಮಿತಿ ಹಾಕಿದ್ದು 1996ರ 111ನೇ ಸರ್ಕಾರಿ ಆದೇಶ. 2022ರಲ್ಲಿ ಆ ಮಿತಿಯನ್ನು ಸಡಿಲಿಸುವ ಇನ್ನೊಂದು ಆದೇಶ ಹೊರಬಿತ್ತು. ಬೆಟ್ಟದ ಕಡೆ, ವಿಕಾರಾಬಾದ್ ಜಿಲ್ಲೆಯ ದಾಮಗುಂಡಂ ಕಾಡಿನಲ್ಲಿ ಸುಮಾರು 2,900 ಎಕರೆ ನೌಕಾಪಡೆಯ ರೇಡಿಯೊ ಕೇಂದ್ರಕ್ಕೆ ಹೋಗಿದೆ. 2024ರ ಅಕ್ಟೋಬರಿನಲ್ಲಿ ಶಂಕುಸ್ಥಾಪನೆಯಾಯಿತು. ಜಲಾಂತರ್ಗಾಮಿಗಳೊಡನೆ ಮಾತಾಡುವ ಅಂಥ ಕೇಂದ್ರ ದೇಶಕ್ಕೆ ಬೇಕು, ಸರಿ. ಮೂಸಿ ಹುಟ್ಟುವ ಕಾಡೇ ಬೇಕಿತ್ತೇ ಎಂದು ಅಲ್ಲಿನ ಹಳ್ಳಿಗರು, ಪರಿಸರದವರು ಕೇಳಿದ ಪ್ರಶ್ನೆಯೂ ಅಷ್ಟೇ ಸರಿ. 2020ರ ಅಕ್ಟೋಬರ್ ಮಳೆಗೆ ಕೆರೆಯಂಗಳದ ಬಡಾವಣೆಗಳು ನೀರಿನಲ್ಲಿ ನಿಂತಾಗ, ‘ಅನಿರೀಕ್ಷಿತ ಮಳೆ’ ಎಂದವರೇ ಹೆಚ್ಚು. ಮಳೆ ಅನಿರೀಕ್ಷಿತವಿರಬಹುದು, ಇಳಿಜಾರು ಎಂದಿನದೇ.

ಸೈಕಲ್ ತುಳಿದರೆ ಊರು ಉಳಿಯುತ್ತದೆಂದು ನಾನು ನಂಬಿಲ್ಲ. ಸೈಕಲ್ಲಿನವರು ಮೇಲುಸ್ತರದ ಜನ; ಗುಡ್ಡ ಹತ್ತುವ ಒಂದು ಒಳ್ಳೆಯ ಸೈಕಲ್ಲಿನ ಬೆಲೆಗೆ ಅಲ್ಲಿನ ಕುರಿಗಾಹಿ ಒಂದು ಸಣ್ಣ ಮಂದೆಯನ್ನೇ ಕೊಂಡಾನು. ಆದರೂ ತಾನು ಕುಡಿಯುವ ನೀರು ಯಾವ ಗುಡ್ಡದಿಂದ ಯಾವ ದಾರಿಯಲ್ಲಿ ಬರುತ್ತದೆಂದು ಮೈಯಿಂದ ಬಲ್ಲ ನಾಲ್ಕು ಜನ ಒಂದು ನಗರದಲ್ಲಿರುವುದು, ಇಲ್ಲದಿರುವುದಕ್ಕಿಂತ ಮೇಲು. ನಕ್ಷೆಯ ಮೇಲೆ ಗೆರೆ ಎಳೆಯುವ ಅಧಿಕಾರಿಗಳಲ್ಲಿ ಅಂಥ ಒಬ್ಬರಿದ್ದರೆ ಇನ್ನೂ ಮೇಲು.

ಸಿಕಂದರಾಬಾದ್–ವಾಡಿ ಮಾರ್ಗದ ರೈಲಿಗೆ ವಿಕಾರಾಬಾದ್ ಜಂಕ್ಷನ್ ನಿಲ್ದಾಣ, ಹಾಗಾಗಿ ಕಲಬುರಗಿಯ ಕಡೆಯವರಿಗೂ ಈ ಬೆಟ್ಟ ದೂರವಲ್ಲ. ಬರುವವರು ಮೀಸಲು ಕಾಡಿನೊಳಗೆ ಹೋಗಲು ಅರಣ್ಯ ಇಲಾಖೆಯ ಅನುಮತಿ ಕೇಳಿ. ಮಂದೆ ಎದುರಾದರೆ ಸೈಕಲ್ ಇಳಿದು ಪಕ್ಕಕ್ಕೆ ನಿಲ್ಲಿ. ತಿರುವಿನಲ್ಲಿ ಅಡ್ಡ ನುಗ್ಗಬೇಡಿ. ಮಳೆ ಬಂದು ನಿಂತಿದ್ದರೆ, ಮಣ್ಣು ಒಣಗುವವರೆಗೂ ಟಾರು ರಸ್ತೆಯಲ್ಲೇ ತುಳಿಯಿರಿ.