ತಮಾಷೆಯೋ, ಇಬ್ರತ್ತೋ?

ಅಮೆರಿಕದಲ್ಲಿರುವ ಮಕ್ಕಳನ್ನು ನೋಡಲು ಹೋಗುವ ನಮ್ಮ ನಾಡಿನವರ ಪ್ರವಾಸದ ಪಟ್ಟಿಯಲ್ಲಿ ನ್ಯೂಯಾರ್ಕ್, ವಾಷಿಂಗ್ಟನ್, ನಯಾಗರಾ ಇದ್ದೇ ಇರುತ್ತವೆ. ಕೆಲವರು ಪಿಟ್ಸ್‌ಬರ್ಗನ್ನೂ ಸೇರಿಸುತ್ತಾರೆ; 1970ರ ದಶಕದಲ್ಲಿ ಅಲ್ಲಿ ಕಟ್ಟಿದ ವೆಂಕಟೇಶ್ವರ ದೇವಸ್ಥಾನ ಅದಕ್ಕೊಂದು ಕಾರಣ. ಡೆಟ್ರಾಯ್ಟ್ ಹೆಸರೆತ್ತಿದರೆ ಮಾತ್ರ 'ಅಲ್ಲೇನಿದೆ ನೋಡಲು?' ಎಂಬ ಮಾತು ಬರುತ್ತದೆ. ಕೈಯಲ್ಲಿ ಮೂರೇ ದಿನ, ಹೋಗಲು ಒಂದೇ ಊರು ಎಂದಾದರೆ ಈ ಎರಡರಲ್ಲಿ ಯಾವುದನ್ನು ಆರಿಸಿಕೊಳ್ಳಬೇಕು? ಮೇಲ್ನೋಟಕ್ಕೆ ಇದು ಬರೀ ಟಿಕೆಟು, ಹೋಟೆಲಿನ ಲೆಕ್ಕಾಚಾರ. ಆದರೆ ಇತರರ ಏಳುಬೀಳನ್ನು ನಾವು ಯಾವ ಕಣ್ಣಿನಿಂದ ನೋಡುತ್ತೇವೆ ಎಂಬ ಪ್ರಶ್ನೆಯೂ ಅದರೊಳಗೆ ಅಡಗಿದೆ.

ಎರಡೂ ದುಡಿಮೆಯ ಊರುಗಳು. ಒಂದು ಉಕ್ಕಿನದು, ಇನ್ನೊಂದು ಕಾರಿನದು. 1950ರಲ್ಲಿ ಡೆಟ್ರಾಯ್ಟ್‌ನಲ್ಲಿ 18.5 ಲಕ್ಷ ಜನರಿದ್ದರು. 2020ರ ಜನಗಣತಿಯ ಹೊತ್ತಿಗೆ ಉಳಿದವರು 6.4 ಲಕ್ಷ. ಇದೇ ಅವಧಿಯಲ್ಲಿ ಪಿಟ್ಸ್‌ಬರ್ಗ್ 6.8 ಲಕ್ಷದಿಂದ 3 ಲಕ್ಷಕ್ಕೆ ಇಳಿಯಿತು. ಅಂದರೆ ಅದೂ ತನ್ನ ಅರ್ಧಕ್ಕಿಂತ ಹೆಚ್ಚು ಜನರನ್ನು ಕಳೆದುಕೊಂಡಿದೆ. ಆದರೂ ಲೋಕದ ಬಾಯಲ್ಲಿ ಒಂದು ಗೆದ್ದ ಊರು, ಇನ್ನೊಂದು ಸೋತ ಊರು.

ಪಿಟ್ಸ್‌ಬರ್ಗಿನ ಗೆಲುವು ಸುಳ್ಳಲ್ಲ. ಹೊಗೆ ಕವಿದಿದ್ದ ಆಕಾಶ ತಿಳಿಯಾಗಿದೆ. ವಿಶ್ವವಿದ್ಯಾಲಯಗಳು, ಆಸ್ಪತ್ರೆಗಳು ಕುಲುಮೆಗಳ ಜಾಗ ಹಿಡಿದಿವೆ. ಉಕ್ಕಿನ ಕಂಪನಿಯೊಂದು ಕಟ್ಟಿಸಿದ 64 ಅಂತಸ್ತಿನ ಗೋಪುರದ ನೆತ್ತಿಯ ಮೇಲೆ 2008ರಲ್ಲಿ ಆಸ್ಪತ್ರೆ ಸಂಸ್ಥೆಯೊಂದರ ಹೆಸರು ಏರಿತು. ಅದೇ ಸಂಸ್ಥೆ 2010ರಲ್ಲಿ ಪಕ್ಕದ ಬ್ರಾಡಕ್ ಎಂಬ ಊರಿನ ಆಸ್ಪತ್ರೆಯನ್ನು ಮುಚ್ಚಿತು. ಆಂಡ್ರ್ಯೂ ಕಾರ್ನೆಗಿಯವರು 1875ರಲ್ಲಿ ತಮ್ಮ ದೊಡ್ಡ ಉಕ್ಕಿನ ಕಾರ್ಖಾನೆಯನ್ನು ಆರಂಭಿಸಿದ್ದು ಇದೇ ಬ್ರಾಡಕ್‌ನಲ್ಲಿ. ಒಂದು ಕಾಲಕ್ಕೆ ಇಪ್ಪತ್ತು ಸಾವಿರ ಜನರಿದ್ದ ಆ ಊರಿನಲ್ಲಿ 2020ರಲ್ಲಿ ಎರಡು ಸಾವಿರವೂ ಇರಲಿಲ್ಲ. ಹೋಮ್‌ಸ್ಟೆಡ್‌ನಲ್ಲಿ 1892ರಲ್ಲಿ ಕಾರ್ಮಿಕರು ಕೂಲಿಗಾಗಿ ಹೋರಾಡಿ ಪ್ರಾಣ ಕೊಟ್ಟರು. ಅಲ್ಲಿನ ಕಾರ್ಖಾನೆ 1986ರಲ್ಲಿ ಮುಚ್ಚಿತು. ಆ ನೆಲದಲ್ಲಿ ಈಗಿರುವುದು ಅಂಗಡಿ ಮಳಿಗೆಗಳ ಸಾಲು. ಊರು ಗೆದ್ದಿತು ಎನ್ನುವಾಗ ನಾವು ಕೇಳಬೇಕಾದದ್ದು, ಯಾರ ಊರು ಎಂದು. ಸೋತವರು ಊರು ಬಿಟ್ಟು ಹೋದ ಮೇಲೆ ಗೆಲುವಿನ ಲೆಕ್ಕ ಬರೆಯುವುದು ಬಹಳ ಸುಲಭ.

ಉರ್ದುವಿನಲ್ಲಿ ಎರಡು ಪದಗಳಿವೆ: ತಮಾಷಾ ಮತ್ತು ಇಬ್ರತ್. ಎರಡರಲ್ಲೂ ನೋಡುವ ಕ್ರಿಯೆ ಇದೆ. ತಮಾಷೆ ನೋಡುವವನು ದಡದಲ್ಲಿ ನಿಂತಿರುತ್ತಾನೆ, ಮುಳುಗುತ್ತಿರುವವನು ಬೇರೆಯವನು. ಇಬ್ರತ್ ಎಂದರೆ ಪಾಠ, ಎಚ್ಚರಿಕೆ. ಆ ಪದದ ಅರಬಿ ಮೂಲಕ್ಕೆ 'ದಾಟುವುದು' ಎಂಬ ಅರ್ಥವಿದೆ. ಕಂಡದ್ದರಿಂದ ತನ್ನೆಡೆಗೆ ದಾಟಿ ಬರದವನಿಗೆ ಇಬ್ರತ್ ಇಲ್ಲ.

ಡೆಟ್ರಾಯ್ಟ್ ಬಹುಕಾಲ ತಮಾಷೆಯ ವಸ್ತುವಾಗಿತ್ತು. ಕಾರ್ಖಾನೆಗಳು ಹೊರವಲಯಕ್ಕೆ, ಬೇರೆ ರಾಜ್ಯಗಳಿಗೆ ಹೋದವು. ಅವುಗಳ ಹಿಂದೆ ತೆರಿಗೆ ಕಟ್ಟಬಲ್ಲ ಬಿಳಿಯರೂ ಹೋದರು. ಬೀದಿದೀಪ, ನೀರು, ಪಿಂಚಣಿಯ ಹೊರೆ ಉಳಿದವರ ತಲೆಗೆ ಬಂತು. ಅವರಲ್ಲಿ ಹೆಚ್ಚಿನವರು ಕಪ್ಪು ವರ್ಣೀಯರು. 1988ರಲ್ಲಿ ಕೊನೆಯ ರೈಲು ಹೊರಟ ಮೇಲೆ ಹಾಳುಬಿದ್ದ ಮಿಷಿಗನ್ ಸೆಂಟ್ರಲ್ ನಿಲ್ದಾಣದ ಮುಂದೆ ಫೋಟೋ ತೆಗೆಸಿಕೊಳ್ಳಲು ದೂರದೂರದಿಂದ ಜನ ಬಂದರು. ಒಬ್ಬರ ಮನೆ ಕುಸಿದದ್ದು ಇನ್ನೊಬ್ಬರಿಗೆ ಸುಂದರ ಚಿತ್ರವಾಯಿತು.

2013ರ ಜುಲೈಯಲ್ಲಿ ನಗರಾಡಳಿತ ದಿವಾಳಿ ಅರ್ಜಿ ಹಾಕಿತು. ಆಗ ಎದ್ದ ಪ್ರಶ್ನೆ ಯಾವ ತತ್ವಶಾಸ್ತ್ರದ ತರಗತಿಗೂ ಸಲ್ಲುವಂಥದ್ದು. ಅಲ್ಲಿನ ಕಲಾ ಸಂಗ್ರಹಾಲಯದಲ್ಲಿ ನಗರದ ಒಡೆತನದ ಅಮೂಲ್ಯ ಚಿತ್ರಗಳಿದ್ದವು. ಅವುಗಳನ್ನು ಮಾರಿ ಸಾಲ ತೀರಿಸಬೇಕೇ? ಹಸಿದವನ ಮುಂದೆ ಚಿತ್ರಕ್ಕೇನು ಬೆಲೆ ಎನ್ನಬಹುದು. ಬಡವರ ಮಕ್ಕಳಿಗೆ ಚಿತ್ರ ನೋಡುವ ಹಕ್ಕಿಲ್ಲವೇ ಎಂದೂ ಕೇಳಬಹುದು. ಅದೇ ಸಂಗ್ರಹಾಲಯದ ಗೋಡೆಗಳ ಮೇಲೆ ಡಿಯಾಗೊ ರಿವೇರಾ 1932-33ರಲ್ಲಿ ಬರೆದ ಚಿತ್ರಗಳಿವೆ. ಅವುಗಳಲ್ಲಿ ಎದ್ದು ಕಾಣುವವರು ಯಂತ್ರಗಳ ನಡುವೆ ಬೆವರು ಹರಿಸುವ ಕಾರ್ಮಿಕರು. ಕೊನೆಗೆ ದತ್ತಿ ಸಂಸ್ಥೆಗಳು, ರಾಜ್ಯ ಸರ್ಕಾರ ಮತ್ತು ದಾನಿಗಳು ಸೇರಿ 80 ಕೋಟಿ ಡಾಲರಿಗೂ ಹೆಚ್ಚು ಹಣ ಒದಗಿಸಲು ಒಪ್ಪಿದರು. ಚಿತ್ರಗಳು ಉಳಿದವು, ಪಿಂಚಣಿಯೂ ಬಹುಪಾಲು ಉಳಿಯಿತು. ಬಹುಪಾಲು ಮಾತ್ರ. ನಗರಸಭೆಯ ಸಾಮಾನ್ಯ ನೌಕರರ ಪಿಂಚಣಿಯಲ್ಲಿ ಶೇ. 4.5ರಷ್ಟು ಕಡಿತವಾಯಿತು, ಬೆಲೆಯೇರಿಕೆಗೆ ತಕ್ಕಂತೆ ಸಿಗುತ್ತಿದ್ದ ಹೆಚ್ಚಳವೂ ನಿಂತಿತು.

ಹಾಗಾದರೆ ಸೋತ ಊರಿಗೆ ಪಾಠ ಕಲಿಯಲು ಹೋಗುವುದೂ ಒಂದು ಬಗೆಯ ಸ್ವಾರ್ಥವಲ್ಲವೇ? ಯಾರೂ ಇತರರ ಪಾಠವಾಗಲೆಂದು ಬದುಕುವುದಿಲ್ಲ. ಈ ಆಕ್ಷೇಪ ನ್ಯಾಯವಾದದ್ದು. ಅದಕ್ಕೆ ನಮ್ಮಲ್ಲಿರುವ ಉತ್ತರ ಒಂದೇ: ಪಾಳನ್ನು ನೋಡಲು ಹೋಗಬಾರದು, ಇರುವವರನ್ನು ನೋಡಲು ಹೋಗಬೇಕು. ವಸ್ತುತಃ ಆ ಪಾಳೂ ಈಗ ಹಿಂದಿನಂತಿಲ್ಲ. ಫೋರ್ಡ್ ಕಂಪನಿ 2018ರಲ್ಲಿ ಕೊಂಡ ನಿಲ್ದಾಣ ದುರಸ್ತಿಯಾಗಿ 2024ರಲ್ಲಿ ತೆರೆದಿದೆ. ನಗರದ ಮಡಿಲಲ್ಲೇ ಇರುವ ಹ್ಯಾಮ್‌ಟ್ರ್ಯಾಮಿಕ್ ಎಂಬ ಪುಟ್ಟ ಊರಿನಲ್ಲಿ ಪೋಲೆಂಡಿನವರು ಕಟ್ಟಿದ ಬೀದಿಗಳಲ್ಲಿ ಯೆಮನ್ ಮತ್ತು ಬಾಂಗ್ಲಾದೇಶದವರು ಬದುಕು ಕಟ್ಟಿಕೊಂಡಿದ್ದಾರೆ. ಅವರ ಹೋಟೆಲಿನಲ್ಲಿ ಉಂಡು, ಬಿಲ್ಲು ಕೊಟ್ಟು, ಕುಶಲ ವಿಚಾರಿಸಿದರೆ ನಾವು ಪ್ರೇಕ್ಷಕರಲ್ಲ, ಅತಿಥಿಗಳು.

ಆದ್ದರಿಂದ ಒಂದೇ ಊರು ಎಂದಾದರೆ ನಮ್ಮ ಆಯ್ಕೆ ಡೆಟ್ರಾಯ್ಟ್. ಪಿಟ್ಸ್‌ಬರ್ಗಿಗೆ ಹೋಗುವವರನ್ನು ನಾವು ತಡೆಯುವುದಿಲ್ಲ. ಆದರೆ ನದಿ, ಸೇತುವೆಗಳ ಚೆಲುವನ್ನು ಕಂಡ ಮೇಲೆ ಅರ್ಧ ದಿನ ಬ್ರಾಡಕ್‌ಗೂ ಹೋಗಿಬರಲಿ. ಗೆದ್ದ ಊರಿನಲ್ಲಿ ಸೋತವರನ್ನೂ ಸೋತ ಊರಿನಲ್ಲಿ ಬದುಕಿರುವವರನ್ನೂ ಕಾಣದ ಕಣ್ಣು ಎಷ್ಟು ದೇಶ ತಿರುಗಿದರೂ ದಡದಲ್ಲೇ ಉಳಿದಿರುತ್ತದೆ.