ಧರಣಿ ಕೂತವರ ಸಿನಿಮಾ

ಹೊಸೂರು ಸೀಮೆಯವರಿಗೆ ಜಾಗತೀಕರಣ ಪೇಪರಿನಲ್ಲಿ ಓದಿ ತಿಳಿಯಬೇಕಾದ ಸಂಗತಿಯಲ್ಲ. ಬೆಳಗಾದರೆ ಕಂಪನಿ ಬಸ್ಸುಗಳು ಹಳ್ಳಿಗಳಿಗೆ ಬಂದು ಹುಡುಗ ಹುಡುಗಿಯರನ್ನು ಶಿಫ್ಟಿಗೆ ಹತ್ತಿಸಿಕೊಂಡು ಹೋಗುತ್ತವೆ. ಬಾಗಲೂರು, ಕೆಲಮಂಗಲದ ಕಡೆಯ ಪಾಲಿಹೌಸುಗಳಲ್ಲಿ ಹೆಂಗಸರು ಒಂದೊಂದು ಗುಲಾಬಿ ಮೊಗ್ಗಿಗೂ ಬಲೆಯ ಟೋಪಿ ತೊಡಿಸುತ್ತಾರೆ. ಕೊಯ್ದ ಮೇಲೆ ಕಾಂಡದ ಉದ್ದ ನೋಡಿ ವಿಂಗಡಿಸಿ, ಇಪ್ಪತ್ತಿಪ್ಪತ್ತು ಹೂವಿನ ಕಟ್ಟು ಕಟ್ಟುತ್ತಾರೆ. ಫೆಬ್ರವರಿ 14 ಹತ್ತಿರವಾದಂತೆ ಆ ಹೂವು ವಿಮಾನ ಹತ್ತುತ್ತದೆ. ಇದೇ ಸೀಮೆಯಲ್ಲಿ 2023ರಲ್ಲಿ ಶೂಲಗಿರಿ ಕಡೆಯ ಉದ್ದನಪಲ್ಲಿ, ನಾಗಮಂಗಲ, ಅಯರನಪಲ್ಲಿ ಪಂಚಾಯಿತಿಗಳ ರೈತರು ತಮಿಳುನಾಡು ಸರ್ಕಾರದ ಸಿಪ್ಕಾಟ್ ಕೈಗಾರಿಕಾ ಪ್ರದೇಶದ ಐದನೇ ಹಂತಕ್ಕೆ ನಮ್ಮ ನೆಲ ಕೊಡುವುದಿಲ್ಲ ಎಂದು ತಿಂಗಳುಗಟ್ಟಲೆ ಧರಣಿ ಕೂತರು. ಅಪ್ಪ ಶಾಮಿಯಾನದಡಿ, ಮಗಳು ಶಿಫ್ಟಿನಲ್ಲಿ ಇರಬಹುದಾದ ಮನೆಗಳ ನಾಡು ಇದು.

ಅಂಥ ಮನೆಯನ್ನು ನಾನು ಯಾವ ಸಿನಿಮಾದಲ್ಲೂ ನೋಡಿಲ್ಲ. ಬೀದಿಗಿಳಿದ ಜನರ ಬಗ್ಗೆ ನಮ್ಮ ಮನಸ್ಸಿನಲ್ಲಿರುವ ಚಿತ್ರವನ್ನು ಬಹುಪಾಲು ಸಿನಿಮಾ, ಟಿವಿಗಳೇ ಕೊಟ್ಟಿರುವುದರಿಂದ ಇದನ್ನು ಸಣ್ಣ ಕೊರತೆ ಎಂದು ಬಿಡಲಾರೆ.

2014ರಲ್ಲಿ ಬಂದ ಮುರುಗದಾಸ್ ಅವರ ತಮಿಳು ಚಿತ್ರ ‘ಕತ್ತಿ’ ನೆನಪಿಸಿಕೊಳ್ಳಿ. ಊರಿನ ಅಂತರ್ಜಲದ ಮೇಲೆ ಕಣ್ಣು ಹಾಕಿದ ಕೋಲಾ ಕಂಪನಿ ಒಂದು ಕಡೆ, ನೆಲ ಕಳೆದುಕೊಂಡ ವೃದ್ಧ ರೈತರು ಇನ್ನೊಂದು ಕಡೆ. ಚೆನ್ನೈಗೆ ನೀರು ಒಯ್ಯುವ ದೈತ್ಯ ಪೈಪುಗಳೊಳಗೆ ಆ ಮುದುಕರು ಹೋಗಿ ಕೂರುತ್ತಾರೆ. ಇಡೀ ಚಿತ್ರದಲ್ಲಿ ನನ್ನನ್ನು ಹಿಡಿದು ಅಲುಗಿಸಿದ್ದು ಅದೊಂದೇ. ಆದರೆ ಥಿಯೇಟರಿನಲ್ಲಿ ಶಿಳ್ಳೆ ಬೀಳುವುದು ನಾಯಕ ದೀಪ ಆರಿಸಿ ಕತ್ತಲಲ್ಲಿ ಒಬ್ಬನೇ ಹತ್ತಾರು ಜನರನ್ನು ಹೊಡೆದುರುಳಿಸುವಾಗ. ಕೂತವರ ತಾಳ್ಮೆ ನಾಯಕನ ಪೌರುಷಕ್ಕೆ ಹಿನ್ನೆಲೆಯಾಗುತ್ತದೆ. ನಾಗತಿಹಳ್ಳಿ ಚಂದ್ರಶೇಖರ್ ಅವರ ‘ಮಾತಾಡ್ ಮಾತಾಡು ಮಲ್ಲಿಗೆ’ (2007) ಈ ವಿಷಯದಲ್ಲಿ ಹೆಚ್ಚು ಸಂಯಮದ್ದು. ವಿಷ್ಣುವರ್ಧನ್ ಅಲ್ಲಿ ಹೂವು ಬೆಳೆಯುವ ರೈತ. ಗಣಿ ಕಂಪನಿಯ ಎದುರು ಗಾಂಧಿಯ ದಾರಿ ಹಿಡಿಯುತ್ತಾನೆ. ಆದರೂ ಅಲ್ಲಿ ಹೂವು ನಮ್ಮದು, ಕಂಪನಿ ಹೊರಗಿನದು. ಹೊಸೂರಿನಲ್ಲಿ ಹೂವನ್ನೇ ಪರದೇಶದ ಪೇಟೆ ಸಾಕುತ್ತಿದೆ.

ಅದೇ 2007ರಲ್ಲಿ ಸ್ಟುವರ್ಟ್ ಟೌನ್ಸೆಂಡ್ ‘ಬ್ಯಾಟಲ್ ಇನ್ ಸಿಯಾಟಲ್’ ಮಾಡಿದರು. ವಿಶ್ವ ವ್ಯಾಪಾರ ಸಂಸ್ಥೆಯ ಸಭೆಯ ವಿರುದ್ಧ 1999ರ ನವೆಂಬರ್ 30ರಂದು ಸಿಯಾಟಲ್‌ನಲ್ಲಿ ಹತ್ತಾರು ಸಾವಿರ ಜನ ಬೀದಿ ತುಂಬಿದ ಕಥೆ. ಅದರಲ್ಲಿ ಒಬ್ಬ ಪೊಲೀಸನ ಬಸುರಿ ಹೆಂಡತಿ ಗಲಾಟೆಯ ನಡುವೆ ಸಿಕ್ಕಿಕೊಂಡು, ಇನ್ನೊಬ್ಬ ಪೊಲೀಸನ ಲಾಠಿ ಏಟಿಗೆ ಮಗುವನ್ನು ಕಳೆದುಕೊಳ್ಳುತ್ತಾಳೆ. ಜಗಳವನ್ನು ಒಂದೇ ಮನೆಯೊಳಕ್ಕೆ ತಂದ ಧೈರ್ಯ ಮೆಚ್ಚತಕ್ಕದ್ದು. ಆದರೆ ಆ ಸಂಕಟ ಅವಳ ಮೇಲೆ ಆಕಸ್ಮಿಕವಾಗಿ ಬಂದು ಬೀಳುತ್ತದೆ. ನಮ್ಮ ಕಡೆಯ ಮನೆಗಳಲ್ಲಿ ಅದು ಸಂಬಳದ ದಿನವೂ ಇದೆ, ಧರಣಿಯ ದಿನವೂ ಇದೆ.

ಸಿಯಾಟಲ್‌ಗಿಂತ ಆರು ವರ್ಷ ಮೊದಲೇ, 1993ರ ಅಕ್ಟೋಬರ್ 2ರಂದು, ವಿಶ್ವ ವ್ಯಾಪಾರ ಸಂಸ್ಥೆಗೆ ತಳಹದಿಯಾದ ಡಂಕೆಲ್ ಪ್ರಸ್ತಾವದ ವಿರುದ್ಧ ಲಕ್ಷಾಂತರ ರೈತರು ಬೆಂಗಳೂರಿನಲ್ಲಿ ಸೇರಿದ್ದರು. ಹೊಸೂರಿನಿಂದ ಬಸ್ಸಿನಲ್ಲಿ ಒಂದೆರಡು ಗಂಟೆಯ ದಾರಿ. ಅದರ ಮೇಲೆ ನಮ್ಮಲ್ಲಿ ದೊಡ್ಡ ಕಥಾಚಿತ್ರವೇ ಇಲ್ಲ. ಜನರ ನೆನಪಿನಲ್ಲಿ ಉಳಿದದ್ದು ಗಾಜು ಪುಡಿಯಾದ ಘಟನೆಗಳು: 1992ರ ಡಿಸೆಂಬರ್‌ನಲ್ಲಿ ಬೀಜ ಕಂಪನಿ ಕಾರ್ಗಿಲ್‌ನ ಕಚೇರಿಗೆ ನುಗ್ಗಿ ಕಾಗದಪತ್ರ ಸುಟ್ಟದ್ದು, 1993ರ ಜುಲೈನಲ್ಲಿ ಬಳ್ಳಾರಿಯಲ್ಲಿ ಅದೇ ಕಂಪನಿಯ ಬೀಜ ಘಟಕ ಕೆಡವಿದ್ದು, 1996ರ ಜನವರಿಯಲ್ಲಿ ಬೆಂಗಳೂರಿನ ಕೆಂಟಕಿ ಚಿಕನ್ ಅಂಗಡಿಯ ಮೇಲೆ ಬಿದ್ದದ್ದು. ಜೀವಕ್ಕೆ ನೋವು ಮಾಡುವುದು ಹಿಂಸೆ, ವಸ್ತು ಒಡೆಯುವುದು ಹಿಂಸೆಯಲ್ಲ ಎಂಬುದು ಇವನ್ನೆಲ್ಲ ನಡೆಸಿದ ರೈತ ಸಂಘದ ನಾಯಕ ಪ್ರೊ. ಎಂ.ಡಿ. ನಂಜುಂಡಸ್ವಾಮಿಯವರ ವಾದ. ಅವರ ಮೇಲೆ ನನಗೆ ಅಪಾರ ಗೌರವವಿದೆ, ಆದರೂ ಈ ವಾದ ಪೂರ್ತಿ ಒಪ್ಪಿಗೆಯಾಗುವುದಿಲ್ಲ. ಅಂಗಡಿಯೊಳಗೆ ತಟ್ಟೆ ತೊಳೆಯುವ ಹುಡುಗನೂ ಇರುತ್ತಾನೆ. ಅವನೂ ಯಾವುದೋ ರೈತನ ಮಗನೇ.

1998ರ ನವೆಂಬರ್‌ನಲ್ಲಿ ರಾಯಚೂರು ಜಿಲ್ಲೆಯಲ್ಲಿ ಮಾನ್ಸಾಂಟೊ ಕಂಪನಿಯ ಬಿಟಿ ಹತ್ತಿ ಪ್ರಯೋಗದ ಬೆಳೆ ಸುಟ್ಟದ್ದನ್ನು ನಾನು ಬೇರೆಯಾಗಿ ಎಣಿಸುತ್ತೇನೆ. ರೈತ ಸಂಘ ಕದ್ದುಮುಚ್ಚಿ ಹೋಗಲಿಲ್ಲ. ಸುಡುತ್ತೇವೆಂದು ಮೊದಲೇ ಬಹಿರಂಗವಾಗಿ ಸಾರಿತು. ಹೊಲದ ಯಜಮಾನರಿಗೆ ಯಾಕೆ ಸುಡುತ್ತೇವೆಂದು ತಿಳಿಸಿ ಹೇಳುವ, ನಷ್ಟ ತುಂಬಿಕೊಡುವ ಹೊಣೆಯನ್ನೂ ಹೊತ್ತುಕೊಂಡಿತು. ಟಿವಿಗೆ ಬೇಕಾದದ್ದು ಉರಿಯುವ ಗಿಡ. ಅದಕ್ಕೆ ಮುಂಚೆ ಆ ರೈತನ ಮುಂದೆ ಕೂತು ಆಡಬೇಕಾದ ಮಾತು ಕ್ಯಾಮೆರಾಗೆ ಬೇಡ. ನನ್ನ ಮಟ್ಟಿಗೆ ಚಳವಳಿಯ ನೈತಿಕ ಬಲ ಆ ಮಾತಿನಲ್ಲಿದೆ. ದೂರದ ಕಂಪನಿಗೆ ಧಿಕ್ಕಾರ ಕೂಗುವುದು ಸುಲಭ. ನಮ್ಮ ಹೋರಾಟದಿಂದ ಕೂಲಿ ಕಳೆದುಕೊಳ್ಳುವ ಪಕ್ಕದ ಮನೆಯವಳಿಗೆ ಏನು ಹೇಳುತ್ತೇವೆ, ಅವಳ ನಷ್ಟಕ್ಕೆ ಯಾರು ಜವಾಬ್ದಾರರು? ಈ ಪ್ರಶ್ನೆ ಸರ್ಕಾರಕ್ಕೂ ಅಷ್ಟೇ ಗಟ್ಟಿಯಾಗಿ ಅಂಟಿಕೊಳ್ಳಬೇಕು: ನೆಲ ಸ್ವಾಧೀನ ಮಾಡಿಕೊಳ್ಳುವ ಮೊದಲು ಅದು ಯಾರ ಮನೆಯ ಜಗುಲಿಯಲ್ಲಿ ಕೂತು ಮಾತಾಡಿದೆ?

ಹೊಸೂರಿನ ಕಥೆಯನ್ನು ಯಾರಾದರೂ ಸಿನಿಮಾ ಮಾಡುವುದಾದರೆ ಖಳನಾಯಕನನ್ನು ಹುಡುಕಲು ಹೋಗದಿರಲಿ. ಪಾಲಿಹೌಸಿನ ಕೂಲಿಯಲ್ಲಿ ಮಗನನ್ನು ಐಟಿಐ ಓದಿಸಿದ ತಾಯಿಯೊಬ್ಬಳು ಎರಡೆಕರೆ ರಾಗಿ ಹೊಲ ಬಿಡುವುದಿಲ್ಲವೆಂದು ಕೂತಿರಲಿ. ಫ್ಯಾಕ್ಟರಿ ಬಂದರೆ ಇಲ್ಲೇ ಕೆಲಸ ಸಿಗುತ್ತದಲ್ಲಮ್ಮ ಎಂದು ಆ ಮಗ ಕೇಳಲಿ. ಕನ್ನಡ, ತಮಿಳು, ತೆಲುಗು ಮೂರೂ ಬೆರೆತ ಅವರ ಮಾತಿನಲ್ಲೇ ಕೇಳಲಿ. ಅವಳು ಕೊಡುವ ಉತ್ತರವನ್ನು ನಿರ್ದೇಶಕ ಬರೆಯುವ ಮುಂಚೆ ಶೂಲಗಿರಿಯ ಕಡೆ ಹೋಗಿ, ಧರಣಿ ಕೂತಿದ್ದ ಹೆಂಗಸರನ್ನು ಕೇಳಿಕೊಂಡು ಬರಲಿ.